ಆಲು, ಹಾಲು ಮತ್ತು ಕನ್ನಡದ ಪಾಠ

1

ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿಯೊಂದಕ್ಕೆ ಹೋಗಿದ್ದೆ. ಭಾಷಾಬೋಧನೆಯನ್ನು ಮಕ್ಕಳ ಕಲಿಕಾ ಶೈಲಿಗೆ ಹೊಂದಿಸುವುದು ಹೇಗೆ ಎಂಬುದು ಆ ದಿನದ ವಿಷಯ. ತರಬೇತಿ ಕೊಡಲು ಬಂದವರು ಗೋಡೆಗೆ ಮೂರು ಚಿತ್ರ ಅಂಟಿಸಿದರು: ಕಣ್ಣು, ಕಿವಿ, ಕೈ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು. ನಿಮ್ಮ ತರಗತಿಯ ಮಕ್ಕಳ ಹೆಸರನ್ನು ಈ ಮೂರರ ಕೆಳಗೆ ಹಂಚಿ ಬರೆಯಿರಿ ಅಂದರು. ನನ್ನ ಪಕ್ಕ ಕೂತಿದ್ದ ಮೇಷ್ಟ್ರು ಹಾಜರಿ ಪಟ್ಟಿ ನೋಡಿಕೊಂಡು ಸರಸರನೆ ಬರೆದು ಮುಗಿಸಿದರು. ಕೇರಿಯ ಮಕ್ಕಳ ಹೆಸರೆಲ್ಲ ಕೈ ಚಿತ್ರದ ಕೆಳಗೆ ಬಂದಿದ್ದವು. 'ಇವ್ರೆಲ್ಲ ಕೈಕೆಲಸದೋರು ಸಾರ್. ಮಣ್ಣು ಗಿಣ್ಣು ಕೊಟ್ರೆ ಚೆನ್ನಾಗ್ ಮಾಡ್ತಾರೆ. ಓದು ಹತ್ತಲ್ಲ' ಅಂದರು. ನಾನೂ ಕೇರಿಯವನೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅವರು ಕೆಟ್ಟ ಮನುಷ್ಯರೇನಲ್ಲ. ಆದರೆ ಹೊಸ ಶಾಸ್ತ್ರದ ಮೂರು ಮನೆಗಳೊಳಗೆ ಹಳೆಯ ಶಾಸ್ತ್ರದ ಜಾತಿಸ್ವಭಾವ ಎಷ್ಟು ಸಲೀಸಾಗಿ ಬಂದು ಕೂತುಬಿಟ್ಟಿತು ಎಂಬುದನ್ನು ನೋಡಿ ನನಗೆ ದಿಗಿಲಾಯಿತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಗುವಿಗೆ ತಕ್ಕಂತೆ ಪಾಠ ಮಾಡುವುದು ಒಳ್ಳೆಯದು. ಅದನ್ನು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಮಗುವಿಗೆ 'ತಕ್ಕದ್ದು' ಯಾವುದು ಎಂದು ನಿರ್ಧರಿಸುತ್ತಾ ಬಂದವರು ಯಾರು? ಈ ಹೊಂದಾಣಿಕೆಗೂ ಒಂದು ಚರಿತ್ರೆ ಇದೆ. ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕಾದಂಬರಿಗಳನ್ನು ಎತ್ತಿಕೊಳ್ಳುತ್ತೇವೆ. ಆ ಕಾವ್ಯವನ್ನು ಓದಬೇಕಾದ ಮಗು ಒಂದನೇ ಇಯತ್ತೆಯಲ್ಲೇ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಅದನ್ನೂ ವಿಮರ್ಶೆಯ ಕಣಕ್ಕೆ ತರಬೇಕು ಎಂಬುದು ನನ್ನ ಆಸೆ.

2

ಮೊದಲು ಹಳೆಯ ಮಠದ ಶಾಲೆಯಿಂದ ಶುರು ಮಾಡೋಣ. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಾಡಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಸುಮಾರು 9 ಲಕ್ಷ 27 ಸಾವಿರ ಜನರಿದ್ದ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಸಾವಿರಕ್ಕೆ ಏಳು ಜನವೂ ಇಲ್ಲ. ಹಿಂದೂ ಮಕ್ಕಳಲ್ಲಿ ಹೆಣ್ಣುಮಕ್ಕಳು 60.

ಆ ವರದಿಯಲ್ಲಿ ಕಲಿಸುವ ಕ್ರಮದ ವಿವರವಿದೆ. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತದೆ, ತೀಡುತ್ತಲೇ ಗಟ್ಟಿಯಾಗಿ ಹೇಳುತ್ತದೆ. ಆಮೇಲೆ ಕಡತದ ಮೇಲೆ ಬಳಪದ ಬರವಣಿಗೆ. ಮಗ್ಗಿಯನ್ನು ಎಲ್ಲರೂ ಸಾಲಾಗಿ ನಿಂತು ಕೂಗುವುದು. ಮುಂದೆ ಹೋದ ಹುಡುಗರು ಹಿಂದಿನವರಿಗೆ ಹೇಳಿಕೊಡುವುದು. ಈ ಕೊನೆಯ ಪದ್ಧತಿಯನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿದ್ದಾನೆ. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಇದೇ ಮರಳು, ಇದೇ ಹಿರಿಹುಡುಗರ ಪಾಠವನ್ನು ಬಳಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದ. ಅದು ಇಂಗ್ಲೆಂಡಿನಲ್ಲಿ 'ಮದರಾಸು ಪದ್ಧತಿ' ಎಂದು ಹೆಸರಾಯಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಕಣ್ಣು, ಕಿವಿ, ಕೈ ಮೂರೂ ಆ ಒಂದೇ ಪಾಠದಲ್ಲಿ ಇದ್ದವು. ನೀನು ಕಿವಿಯವನು, ನೀನು ಕೈಯವನು ಎಂದು ಮರಳಿನ ಮುಂದೆ ಯಾರನ್ನೂ ವಿಂಗಡಿಸಿರಲಿಲ್ಲ. ವಿಂಗಡಣೆ ಅದಕ್ಕೂ ಮೊದಲೇ, ಬಾಗಿಲಲ್ಲಿ ಆಗಿಹೋಗುತ್ತಿತ್ತು. ಬಳ್ಳಾರಿಯ ತಖ್ತೆಯಲ್ಲಿ ಬ್ರಾಹ್ಮಣ, ವೈಶ್ಯ, ಶೂದ್ರ, 'ಇತರ ಎಲ್ಲ ಜಾತಿಗಳು' ಎಂಬ ಕಲಂಗಳಿವೆ. ಕೊನೆಯ ಕಲಂನಲ್ಲಿ 1,174 ಗಂಡುಮಕ್ಕಳು. ಅದರೊಳಗೆ ಹೊಲೆಯರ, ಮಾದಿಗರ ಮಕ್ಕಳು ಒಬ್ಬರಾದರೂ ಇದ್ದರೇ ಎಂದು ಆ ತಖ್ತೆ ಬಾಯಿಬಿಡುವುದಿಲ್ಲ. ಧರಂಪಾಲರು 1983ರಲ್ಲಿ ಈ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದಾಗ, ಇಂಗ್ಲಿಷರು ಬರುವ ಮುಂಚೆ ನಮ್ಮಲ್ಲಿ ಶೂದ್ರರೂ ಓದುತ್ತಿದ್ದರು ಎಂದು ಬಹಳ ಜನ ಹಿಗ್ಗಿದರು. ಶೂದ್ರರು ಓದುತ್ತಿದ್ದುದು ನಿಜ. ಆದರೆ ಆ ಹಿಗ್ಗಿನಲ್ಲಿ ಪಾಲು ಕೇಳುವ ಮುಂಚೆ ಕೇರಿಯವರು ಆ ಕಲಂ ಕಡೆ ಒಮ್ಮೆ ನೋಡಬೇಕು.

ಕ್ಯಾಂಪ್‌ಬೆಲ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಶಾಲೆಯ ಪುಸ್ತಕಗಳು ಪದ್ಯದಲ್ಲಿವೆ, ಆ ಭಾಷೆ ಮಾತಾಡುವ ಭಾಷೆಯಲ್ಲ, ಹುಡುಗರು ನೂರಾರು ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗೊತ್ತಿಲ್ಲ ಎಂದು. ಬಾಗಿಲೊಳಗೆ ಹೋದವರಿಗೂ ಸಿಕ್ಕಿದ್ದು ಅವರ ಮಾತಿನ ಕನ್ನಡವಲ್ಲ. ಶಾಲೆಯ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ ಎಂಬ ಈ ರೋಗಕ್ಕೆ 200 ವರ್ಷವಾಯಿತು.

3

ಬಾಗಿಲಿನ ಕತೆ ಧಾರವಾಡದ್ದು. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. 1854ರ ವುಡ್ ಆಜ್ಞಾಪತ್ರದಲ್ಲಿ ಜನಸಾಮಾನ್ಯರ ಶಿಕ್ಷಣದ ಮಾತು ಆಗಷ್ಟೇ ಬಂದಿತ್ತು. ಮುಂಬಯಿ ಸರ್ಕಾರ ಜುಲೈ 21ರಂದು ಅರ್ಜಿಯನ್ನು ನಿರಾಕರಿಸಿತು. ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬನಿಗೋಸ್ಕರ ಶಾಲೆಯೇ ಮುಚ್ಚಿಹೋಗುವಂತಾಗಬಾರದು ಎಂಬುದು ಅದರ ವಾದ. ಕಲ್ಕತ್ತೆಯ ಸರ್ಕಾರ ಇದನ್ನು ಒಪ್ಪಲಿಲ್ಲ. 1858ರಲ್ಲಿ ಕಂಪನಿಯ ಡೈರೆಕ್ಟರುಗಳು ಸರ್ಕಾರಿ ಖರ್ಚಿನ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಅಂದರು. ಈ ಪ್ರಕರಣವನ್ನು ಬಾಬಾಸಾಹೇಬ್ ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟರು. ನಿಯಮ ಕಾಗದದ ಮೇಲೆ ಇತ್ತು, ಹುಡುಗ ಜಗಲಿಯ ಮೇಲೆ ಇದ್ದ ಎಂಬುದೇ ಅದರ ಸಾರ.

1882ರಲ್ಲಿ ಹಂಟರ್ ಆಯೋಗ ಬಂತು. ಜೋತಿಬಾ ಫುಲೆ ಅದಕ್ಕೆ ಕೊಟ್ಟ ಹೇಳಿಕೆಯನ್ನು ನಮ್ಮ ಪ್ರತಿ ಟೀಚರ್ ಟ್ರೈನಿಂಗ್ ಕಾಲೇಜಿನಲ್ಲೂ ಓದಿಸಬೇಕು. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳನ್ನು ಆದಷ್ಟೂ ಒಕ್ಕಲು ಮಕ್ಕಳಿಂದಲೇ ತನ್ನಿ, ಅವರು ಆ ಮಕ್ಕಳ ಜೊತೆ ಬೆರೆಯುತ್ತಾರೆ, ಅವರ ಬೇಕುಬೇಡ ತಿಳಿದಿರುತ್ತದೆ ಎಂದು ಫುಲೆ ಕೇಳಿದರು. ಮೋಡಿ, ಬಾಲಬೋಧ ಎರಡು ಲಿಪಿಗಳನ್ನೂ ಕಲಿಸಿ, ಲೆಕ್ಕಪತ್ರ ಕಲಿಸಿ, ಬೇಸಾಯದ ಮೊದಲ ಪಾಠ ಹೇಳಿ ಅಂದರು. ನೋಡಿ, ಇಲ್ಲಿ ಹೊಂದಿಕೊಳ್ಳಬೇಕಾದವನು ಮೇಷ್ಟ್ರು. ಬದಲಾಗಬೇಕಾದದ್ದು ಶಾಲೆ. ಮಗುವಿನ ತಲೆಯಲ್ಲಿ ಏನೋ ಕೊರತೆ ಇದೆ ಎಂಬ ಮಾತು ಫುಲೆಯವರ ಬಾಯಲ್ಲಿ ಬರಲಿಲ್ಲ.

ಅದೇ ಕಾಲದಲ್ಲಿ ಹೊಂದಾಣಿಕೆಯ ಇನ್ನೊಂದು ಅರ್ಥವೂ ಬೆಳೆಯುತ್ತಿತ್ತು. ಮುಂಬಯಿಯ ಹೈಸ್ಕೂಲಿನಲ್ಲಿ ಅಂಬೇಡ್ಕರ್ ಸಂಸ್ಕೃತ ಓದಬೇಕು ಅಂದರು. ಅಸ್ಪೃಶ್ಯನಿಗೆ ಅದು ತಕ್ಕದ್ದಲ್ಲವೆಂದು ಪಾರಸಿ ತೆಗೆದುಕೊಳ್ಳಬೇಕಾಯಿತು. ಯಾವ ಮಗುವಿಗೆ ಯಾವ ಭಾಷೆ ಎಂಬ ವಿಂಗಡಣೆ ಜಾತಿಯ ಕಲಂ ನೋಡಿಯೇ ನಡೆಯಿತು. ಮುಂದೆ ಅವರು ಸಂಸ್ಕೃತವನ್ನು ತಾವೇ ಕಲಿತು, ಅದರ ಶಾಸ್ತ್ರಗಳನ್ನೇ ಪ್ರಶ್ನೆ ಮಾಡಿದರು. ಯಾವ ಶೈಲಿಯವರು ಅವರು? ಕಣ್ಣೋ, ಕಿವಿಯೋ, ಕೈಯೋ?

4

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಆ ಕರಾವಳಿಯ ಕೇರಿಗಳ ಮನೆಮಾತು ತುಳು. ಕನ್ನಡ ಓದಲು ಬಂದ ಮಗುವಿಗೆ ಕನ್ನಡವೇ ಹೊಸ ಭಾಷೆ. ಅವರ ಸಂಸ್ಥೆಯಲ್ಲಿ ನೇಯ್ಗೆ, ಮರಗೆಲಸವನ್ನೂ ಹೇಳಿಕೊಟ್ಟರು. ಆದರೆ ಕಸುಬು ಅಕ್ಷರದ ಪಕ್ಕದಲ್ಲಿ ಬಂತೇ ಹೊರತು ಅಕ್ಷರದ ಜಾಗದಲ್ಲಿ ಬರಲಿಲ್ಲ. ಅದು ಹೊಟ್ಟೆಗೆ, ಇದು ತಲೆಗೆ, ಎರಡೂ ಬೇಕಿತ್ತು.

ಇದರ ಪಕ್ಕದಲ್ಲಿ 1953ನ್ನು ಇಟ್ಟು ನೋಡಬೇಕು. ಆಗ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಗೋಪಾಲಾಚಾರಿ. ದಕ್ಷಿಣ ಕನ್ನಡ, ಕೊಳ್ಳೇಗಾಲಗಳು 1956ರವರೆಗೂ ಆ ರಾಜ್ಯದಲ್ಲೇ ಇದ್ದವು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠವನ್ನು ದಿನಕ್ಕೆ 3 ಗಂಟೆಗೆ ಇಳಿಸಿ, ಉಳಿದ ಹೊತ್ತು ಮಗು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಪಾಳಿ ಮಾಡಿದರೆ ಇರುವ ಮೇಷ್ಟ್ರುಗಳಲ್ಲೇ ಹೆಚ್ಚು ಮಕ್ಕಳಿಗೆ ಕಲಿಸಬಹುದು, ಮಾಡುತ್ತಾ ಕಲಿಯುವುದು ದೊಡ್ಡದು ಎಂದು ಸಮರ್ಥನೆ ಇತ್ತು. 1937ರ ಗಾಂಧಿಯವರ ನಯೀ ತಾಲೀಮಿನಲ್ಲಿ ಕಸುಬು ಶಾಲೆಯ ಒಳಗೆ, ಎಲ್ಲ ಮಕ್ಕಳಿಗೂ ಇರಬೇಕಿತ್ತು. 1953ರ ಯೋಜನೆ ಕಸುಬನ್ನು ಮನೆಗೆ ಕಳಿಸಿತು. ಮನೆಯೆಂದರೆ ಜಾತಿ. ಚಮ್ಮಾರನ ಮಗ ಚರ್ಮಕ್ಕೆ, ಜಾಡಮಾಲಿಯ ಮಗ ಪೊರಕೆಗೆ. ಪೆರಿಯಾರ್ ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು.

'ಮಾಡಿ ಕಲಿ' ಎಂಬ ಒಳ್ಳೆಯ ಮಾತು ನಮ್ಮ ನೆಲದಲ್ಲಿ ಹೀಗೂ ತಿರುಗುತ್ತದೆ. ಗೋಡೆಯ ಮೇಲಿನ ಕೈ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಇದು. ಕಲಿಕಾ ಶೈಲಿಯ ಶಾಸ್ತ್ರವೂ ಈಗ ಅಷ್ಟು ಗಟ್ಟಿಯಾಗಿ ನಿಂತಿಲ್ಲ. 1992ರ ಹೊತ್ತಿಗೆ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮುಂತಾದವರಿಂದ ಅದು ಜನಪ್ರಿಯವಾಯಿತು. 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಯನ್ನು ಜಾಲಾಡಿ, ಶೈಲಿ ನೋಡಿ ಪಾಠ ಬದಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಅಂದರು. ಮಕ್ಕಳೆಲ್ಲ ಒಂದೇ ಥರ ಎಂದು ಇದರ ಅರ್ಥವಲ್ಲ. ಮಕ್ಕಳ ನಡುವೆ ವ್ಯತ್ಯಾಸವಿದೆ. ಮನೆಯ ಮಾತು ಬೇರೆ, ಮೊದಲೇ ತಿಳಿದದ್ದು ಬೇರೆ, ಹಿಡಿಯುವ ವೇಗ ಬೇರೆ, ಹೊಟ್ಟೆ ತುಂಬಿರುವುದೂ ಬೇರೆ. ಈ ವ್ಯತ್ಯಾಸಗಳನ್ನು ಬಿಟ್ಟು ಕಣ್ಣು, ಕಿವಿ, ಕೈ ಎಂದು ಹುಡುಕುತ್ತಾ ಹೋದರೆ ನಾವು ಜಾತಿಗೆ ಹೊಸ ನಾಮಕರಣ ಮಾಡುತ್ತೇವೆ, ಅಷ್ಟೆ.

5

ಈಗ ನನ್ನ ತಪ್ಪಿನ ಮಾತು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹುಡುಗಿ ಎದ್ದು ನಿಂತು 'ಆಲು ಬೆಳ್ಳಗವ ಸಾ' ಎಂದು ಓದಿದಳು. 'ಹಾಲು' ಅನ್ನು ಅಂದೆ. 'ಆಲು' ಅಂದಳು. ತರಗತಿ ನಕ್ಕಿತು. ಸರಿಯಾಗಿ ಹೇಳುವವರೆಗೂ ನಿಂತಿರು ಅಂದೆ. ಅವಳು ಗಂಟೆ ಹೊಡೆಯುವವರೆಗೂ ನಿಂತಿದ್ದಳು. ಆ ವರ್ಷ ಪೂರ್ತಿ ಅವಳು ಗಟ್ಟಿಯಾಗಿ ಓದಲಿಲ್ಲ. ನನ್ನ ಅವ್ವ ಸಾಯುವ ತನಕ 'ಆಲು' ಎಂದೇ ಅಂದವಳು. ನನ್ನನ್ನೂ ಒಬ್ಬ ಮೇಷ್ಟ್ರು ಹೀಗೇ ನಿಲ್ಲಿಸಿದ್ದರು. ನಾನು ಓದಿ ಮೇಷ್ಟ್ರಾಗಿ ಕಲಿತದ್ದು ಆ ಬೆತ್ತವನ್ನು ಹಿಡಿಯುವುದನ್ನೇ.

ಭಾಷೆಯ ಚರಿತ್ರೆ ನನಗೆ ಗೊತ್ತಿದ್ದರೆ ಅವಳನ್ನು ನಿಲ್ಲಿಸುತ್ತಿರಲಿಲ್ಲ. 10ನೇ ಶತಮಾನದ ಪಂಪನ ಕನ್ನಡದಲ್ಲಿ ಅದು 'ಪಾಲ್'. ಆಮೇಲೆ ಪಕಾರ ಹಕಾರವಾಗಿ 'ಹಾಲು' ಆಯಿತು. 'ಪೋಗು' ಹೋಗಿ 'ಹೋಗು' ಬಂತು. ಆ ಬದಲಾವಣೆಯನ್ನು ಪಂಡಿತರು ನಡುಗನ್ನಡ, ಹೊಸಗನ್ನಡ ಎಂದು ಗೌರವದಿಂದ ಪುಸ್ತಕಕ್ಕೆ ಸೇರಿಸಿಕೊಂಡರು. ಮೈಸೂರು, ಚಾಮರಾಜನಗರ ಸೀಮೆಯ ಬಾಯಿಗಳಲ್ಲಿ ಅದೇ ನಡೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಆಲು', 'ಓಗು' ಆಗಿದೆ. ಪ ಬಿಟ್ಟವನು ಕವಿಯಾದ, ಹ ಬಿಟ್ಟವಳು ದಡ್ಡಿಯಾದಳು. ಇಲ್ಲಿ ಭಾಷಾಶಾಸ್ತ್ರ ಎಲ್ಲಿದೆ? ಇರುವುದು ಯಜಮಾನಿಕೆ ಮಾತ್ರ.

ಹೀಗೆ ಜಾತಿಗೊಂದು ಕನ್ನಡ ಇದೆ ಎಂಬುದು ವಿದ್ವಾಂಸರಿಗೆ ಗೊತ್ತಿಲ್ಲದ್ದೇನಲ್ಲ. 1960ರಲ್ಲೇ ವಿಲಿಯಂ ಮೆಕಾರ್ಮಕ್ ಧಾರವಾಡದ ಜಾತಿಭಾಷೆಗಳ ಮೇಲೆ ಲೇಖನ ಬರೆದಿದ್ದರು. ಆದರೆ ಅದು ಶಾಲೆಯ ಗೋಡೆ ದಾಟಿ ಒಳಗೆ ಬರಲಿಲ್ಲ. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ನಾಡು ಹತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಟ್ಟರು. ಆ ಮಾತಿನ ಹಿಂದೆ ಶಾಲೆಯ ಪಾಠದಲ್ಲಿ ತಮ್ಮ ಬದುಕನ್ನೂ ತಮ್ಮ ಮಾತನ್ನೂ ಕಾಣದೆ ಕೂತ ಒಂದು ಇಡೀ ಪೀಳಿಗೆಯ ಸಿಟ್ಟಿತ್ತು ಎಂದು ನಾನು ಓದಿಕೊಳ್ಳುತ್ತೇನೆ. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಾನು ಯಾವ ಕನ್ನಡಕ್ಕಾಗಿ ಹುಡುಗಿಯನ್ನು ನಿಲ್ಲಿಸಿದ್ದೆನೋ ಆ ಕನ್ನಡವೇ ದೆಹಲಿಯಲ್ಲಿ ಸನ್ಮಾನ ಪಡೆಯಿತು. ತರಗತಿಯಲ್ಲಿ ಮಾತ್ರ ಅದು ಇನ್ನೂ ನಿಂತೇ ಇದೆ.

ಹಾಗಾದರೆ ಬರವಣಿಗೆಯನ್ನೇ ಬಾಯಿಗೆ ತಕ್ಕಂತೆ ಬದಲಿಸಬೇಕೇ? ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳು ಕನ್ನಡದ ಬಾಯಲ್ಲಿ ಇಲ್ಲ, ಬರವಣಿಗೆಯಲ್ಲೂ ಬಿಡೋಣ ಎಂದು ವಾದಿಸಿದರು. ಹಾಗೇ ಬರೆದೂ ತೋರಿಸಿದರು. ಹಿಂದುಳಿದವರ ಮಕ್ಕಳ ಹೆಗಲ ಹೊರೆ ಇಳಿಯುತ್ತದೆ ಎಂಬ ಅವರ ಕಾಳಜಿ ದೊಡ್ಡದು. ಆದರೂ ನನಗೆ ಒಂದು ಅನುಮಾನ. ಕಚೇರಿಯ ಅರ್ಜಿ, ಕೋರ್ಟಿನ ತೀರ್ಪು, ಪರೀಕ್ಷೆಯ ಪತ್ರಿಕೆ ಎಲ್ಲವೂ ಹಳೆಯ ಬರವಣಿಗೆಯಲ್ಲೇ ಇರುವಾಗ, ನಮ್ಮ ಮಕ್ಕಳಿಗೆ ಮಾತ್ರ ಅಕ್ಷರ ಕಡಿಮೆ ಮಾಡಿದರೆ ಅದು ಹೊರೆ ಇಳಿಸಿದಂತೋ, ದಾರಿ ಕಡಿದಂತೋ? ಎಲ್ಲರಿಗೂ ಒಟ್ಟಿಗೆ ಬದಲಾದರೆ ಸರಿ. ಅಲ್ಲಿಯವರೆಗೆ ಧ, ಭ, ಹ ಎಲ್ಲವೂ ನಮ್ಮ ಮಕ್ಕಳ ಕೈಯಲ್ಲಿ ಇರಲೇಬೇಕು. ಅವಮಾನವಿಲ್ಲದೆ ಇರಬೇಕು, ಅಷ್ಟೇ ನನ್ನ ಮಾತು.

6

ಅವಮಾನವಿಲ್ಲದೆ ಕಲಿಯುವ ದಾರಿ ನಮ್ಮಲ್ಲಿ ಇರಲಿಲ್ಲವೇ? ನಮ್ಮ ಸೀಮೆಯ ನೀಲಗಾರರನ್ನು ನೋಡಿ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡಬಲ್ಲವರು. ಹುಡುಗ ಹಿಮ್ಮೇಳದಲ್ಲಿ ಕೂತು ಮೊದಲು ದನಿಗೂಡಿಸುತ್ತಾನೆ. ತಂಬೂರಿ, ದಕ್ಕಿ, ತಾಳಗಳ ನಡುವೆ ಸೊಲ್ಲು ಹಿಡಿಯುತ್ತಾನೆ. ತಪ್ಪಿದರೆ ಹಾಡು ನಿಲ್ಲುವುದಿಲ್ಲ, ಪಕ್ಕದವನು ಎತ್ತಿಕೊಳ್ಳುತ್ತಾನೆ. ಒಂದು ದಿನ ಅವನೇ ಮುಂದೆ ಬರುತ್ತಾನೆ. ಕ್ಯಾಂಪ್‌ಬೆಲ್ ಕಂಡ ಹುಡುಗರೂ ಬಾಯಿಪಾಠ ಮಾಡಿದವರೇ. ಆದರೆ ಅವರಿಗೆ ಅರ್ಥ ಗೊತ್ತಿರಲಿಲ್ಲ. ನೀಲಗಾರನಿಗೆ ಅರ್ಥ ಗೊತ್ತು, ಆದ್ದರಿಂದಲೇ ಅವನು ಸಾಲನ್ನು ಹಿಗ್ಗಿಸಬಲ್ಲ, ಕುಗ್ಗಿಸಬಲ್ಲ. ಇಷ್ಟು ದೊಡ್ಡ ಪಾಠಶಾಲೆ ಕೇರಿಯಲ್ಲಿದ್ದರೂ 'ಓದು ಹತ್ತಲ್ಲ' ಎಂಬ ಮಾತು ನಮಗೇ ಬಂತು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಸರ್ಕಾರಿ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಅದನ್ನು ಕಟ್ಟಿದರು. ಜೇನುಕುರುಬ, ಕಾಡುಕುರುಬ ಮಕ್ಕಳಿರುವ ತಾಲ್ಲೂಕು ಅದು. ಅಲ್ಲಿ 'ಅ ಆ ಇ ಈ' ಇಂದ ಪಾಠ ಶುರುವಾಗಲಿಲ್ಲ. 'ರ ಗ ಸ ದ ಅ' ಬಂತು. ಅಷ್ಟೇ ಅಕ್ಷರ ಕಲಿತ ಮಗು 'ಸರ', 'ಗರಗಸ', 'ಅರಸ' ಎಂದು ಓದಿಬಿಡುತ್ತದೆ. ಮೆಟ್ಟಿಲಿದೆ, ಕಾರ್ಡುಗಳಿವೆ, ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಸುಗ್ಗಿಗೆ, ಗುಳೆಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ದೊಡ್ಡ ಮಗು ಚಿಕ್ಕದಕ್ಕೆ ಹೇಳಿಕೊಡುತ್ತದೆ. ಬಳ್ಳಾರಿಯ ಮರಳಿನ ಪಾಠದಲ್ಲಿ ಒಳ್ಳೆಯದೇನಿತ್ತೋ ಅದು, ಈ ಸಲ ಬಾಗಿಲು ತೆರೆದುಕೊಂಡು, ಹಿಂತಿರುಗಿ ಬಂದಂತಿತ್ತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು.

ನಾನು ನಲಿ-ಕಲಿಯ ಪರವೇ. ಆದರೆ ಇಲ್ಲೂ ಎಚ್ಚರ ಬೇಕು. 'ಅದರ ವೇಗದಲ್ಲಿ ಕಲಿಯಲಿ ಬಿಡಿ' ಎನ್ನುವುದು 'ಅದು ಅಷ್ಟೇ ಬಿಡಿ' ಎಂದಾಗಲು ಬಹಳ ಹೊತ್ತು ಬೇಕಾಗಿಲ್ಲ. ಹತ್ತುವ ಮೆಟ್ಟಿಲು ಕೂರುವ ಮೆಟ್ಟಿಲಾಗುತ್ತದೆ. 2019ರಲ್ಲಿ ಸರ್ಕಾರ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಹಲವು ಹಿರಿಯ ಸಾಹಿತಿಗಳು ವಿರೋಧಿಸಿದರು. ನಮ್ಮ ಕೇರಿಯ ತಾಯಂದಿರು ಮಾತ್ರ ಮಕ್ಕಳನ್ನು ಸೇರಿಸಲು ಓಡಿದರು. ಅವರನ್ನು ನಾನು ಬಯ್ಯಲಾರೆ. ತಮ್ಮ ಮಕ್ಕಳನ್ನು ಇಂಗ್ಲಿಷಿಗೆ ಕಳಿಸಿ, ಕೇರಿಯ ಮಕ್ಕಳಿಗೆ ಮಾತ್ರ ಮಾತೃಭಾಷೆ ತಕ್ಕದ್ದು ಎನ್ನುವುದರಲ್ಲಿ 1953ರ ವಾಸನೆ ಇದೆ.

7

ತರಗತಿಯಲ್ಲಿ ನಾನು ಈಗ ಏನು ಮಾಡುತ್ತೇನೆ ಎಂದು ಹೇಳಿ ಮುಗಿಸುತ್ತೇನೆ. ಇದೇನು ದೊಡ್ಡ ಪ್ರಯೋಗವಲ್ಲ. ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಒಂದು ಕಡೆ ಮನೆ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು. ಆಲು, ಹಾಲು. ಓಯ್ತಿನಿ, ಹೋಗುತ್ತೇನೆ. ಎಡಗಡೆಯನ್ನು ಮಕ್ಕಳು ಹೇಳುತ್ತಾರೆ. ಗೌಡರ ಮಕ್ಕಳೂ, ಲಿಂಗಾಯತರ ಮಕ್ಕಳೂ ತಮ್ಮ ಮನೆಯದನ್ನು ಹೇಳುತ್ತಾರೆ. ಪುಸ್ತಕದ ಕನ್ನಡ ಯಾರ ಮನೆಯದೂ ಪೂರ್ತಿ ಅಲ್ಲ ಎಂದು ಆಗ ಎಲ್ಲರಿಗೂ ಕಾಣುತ್ತದೆ. ಪದ್ಯವನ್ನು ಹಿಮ್ಮೇಳದಂತೆ ಓದಿಸುತ್ತೇನೆ, ತಪ್ಪಿದವರನ್ನು ನಿಲ್ಲಿಸುವುದಿಲ್ಲ. ಅಜ್ಜಿ ಹೇಳಿದ ಕತೆಯನ್ನು ಅಜ್ಜಿಯ ಮಾತಿನಲ್ಲೇ ಬರೆಸಿ, ಆಮೇಲೆ ಪುಸ್ತಕದ ಮಾತಿಗೆ ತಿರುಗಿಸುತ್ತೇನೆ. ಶುಕ್ರವಾರ ಎಲ್ಲರಿಗೂ ಉಕ್ತಲೇಖನ. ಅದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಮಹಾಪ್ರಾಣವೂ ಬರಬೇಕು, ಹಕಾರವೂ ಬರಬೇಕು.

ದಾರಿ ಬೇರೆ ಬೇರೆ ಇರಲಿ, ತಲುಪುವ ಊರು ಒಂದೇ ಇರಲಿ. ಊರನ್ನೇ ಬೇರೆ ಮಾಡಿ ಕೊಡುವುದು ಹೊಂದಾಣಿಕೆಯಲ್ಲ, ಅದು ಹಳೆಯ ಕೇರಿಯೇ. ಮಗುವಿಗೆ ತಕ್ಕ ಪಾಠ ಎಂಬ ಮಾತನ್ನು ನಮ್ಮ ವಿದ್ಯಾರ್ಥಿ ಸಂಘಟನೆಗಳು, ನಮ್ಮ ಮೇಷ್ಟ್ರುಗಳು ಎಲ್ಲೇ ಕೇಳಿದರೂ ಈ ಒಂದು ಪ್ರಶ್ನೆ ಹಾಕಬೇಕು: ಈ ಪಾಠದ ಕೊನೆಗೆ ಮಗು ಎಲ್ಲಿರುತ್ತದೆ?

ಆ ಹುಡುಗಿ ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕಂಕುಳಲ್ಲಿ ಮಗು. ಗುರುತು ಹಿಡಿದು ಅವಳೇ ಮಾತಾಡಿಸಿದಳು. 'ಸಾ, ಈಗ್ಲೂವಿ ಆಲು ಅಂದ್ರ ನಿಲ್ಸಿರಾ?' ಅಂದಳು. ನಗುತ್ತಲೇ ಅಂದಳು. 'ಇಲ್ಲ ಕಣವ್ವ' ಅಂದೆ. 'ಮುಂದಿನ್ ವರ್ಸ ಇವ್ನ ನಿಮ್ ಇಸ್ಕೂಲ್ಗೇ ಹಾಕ್ತಿನಿ' ಅಂದಳು.